ಮನೆಯಲ್ಲಿ ಎಲ್ಲ ಬರುತ್ತದೆ, ಪರೀಕ್ಷೆ ಕೊಠಡಿಯಲ್ಲಿ ಏನೂ ನೆನಪಾಗುವುದಿಲ್ಲ: ಓದುಗರ ಸ್ಪಂದನ

ಸಮಸ್ಯೆ: ಮಗಳು ಹತ್ತನೇ ಕ್ಲಾಸ್. ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಮನೆಯಲ್ಲಿ ಕೂತರೆ ಗಣಿತದ ಲೆಕ್ಕ ತಾನೇ ಬಿಡಿಸುತ್ತಾಳೆ. ಮೊದಲ ಪ್ರಿಪರೇಟರಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಕೈ ನಡುಗಿತಂತೆ, ಗೊತ್ತಿದ್ದ ಸೂತ್ರವೂ ಮರೆತೇ ಹೋಯಿತಂತೆ. ಈಗ ಟೆಸ್ಟ್ ಇರುವ ದಿನ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಾಳೆ, ಹಿಂದಿನ ರಾತ್ರಿ ನಿದ್ದೆ ಇಲ್ಲ. ನಮ್ಮ ಯಜಮಾನರು ಇನ್ನೊಂದು ಟ್ಯೂಷನ್‌ಗೆ ಸೇರಿಸೋಣ ಅನ್ನುತ್ತಾರೆ. ನನಗೆ ಏನೂ ತೋಚುತ್ತಿಲ್ಲ.
– ಒಬ್ಬ ತಾಯಿ, ವಿಜಯನಗರ

ನಿವೃತ್ತ ಗಣಿತ ಮೇಷ್ಟ್ರು, ಬಸವನಗುಡಿ

ಅಮ್ಮಾ, ಮೊದಲು ಆ ಎರಡನೇ ಟ್ಯೂಷನ್ ಯೋಚನೆ ಬಿಡಿ. ನೀವು ಬರೆದಿರುವುದು ಓದು ಸಾಲದ ಮಗುವಿನ ಲಕ್ಷಣ ಅಲ್ಲವೇ ಅಲ್ಲ. ಮನೆಯಲ್ಲಿ ಲೆಕ್ಕ ಬಿಡಿಸುವ ಹುಡುಗಿಗೆ ಪಾಠ ಬಂದಿದೆ. ಅವಳಿಗೆ ರೂಢಿಯಾಗಿಲ್ಲದಿರುವುದು ಗಡಿಯಾರ, ಗುರುತಿಲ್ಲದ ಕೊಠಡಿ, ಬೆನ್ನ ಹಿಂದೆ ಓಡಾಡುವ ಮೇಲ್ವಿಚಾರಕರು, ಪಕ್ಕದ ಬೆಂಚಿನವರು ಸರಸರ ಪುಟ ತಿರುಗಿಸುವ ಸದ್ದು. ಇನ್ನೊಂದು ಟ್ಯೂಷನ್‌ಗೆ ಹಾಕಿದರೆ 'ನನಗೆ ಬರುವುದಿಲ್ಲ ಅಂತ ಅಪ್ಪನಿಗೂ ಅನ್ನಿಸಿದೆ' ಎಂದೇ ಅವಳು ತಿಳಿದುಕೊಳ್ಳುತ್ತಾಳೆ.

ಲೆಕ್ಕ ಮಾಡುವಾಗ ಸೂತ್ರ, ಅಂಕಿ, ಮುಂದಿನ ಹೆಜ್ಜೆ ಎಲ್ಲವನ್ನೂ ಆ ಕ್ಷಣಕ್ಕೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ, ಅಲ್ಲಿ ಜಾಗ ಬಹಳ ಕಡಿಮೆ. ಒಂದೇ ಬರ್ನರ್ ಇರುವ ಒಲೆ ಅದು. 'ಮರೆತುಹೋದರೆ ಏನು ಗತಿ' ಅನ್ನುವ ಪಾತ್ರೆ ಅದರ ಮೇಲೆ ಕೂತರೆ ಲೆಕ್ಕದ ಪಾತ್ರೆ ಇಡುವುದೆಲ್ಲಿ? ಅದಕ್ಕೇ ಈ ತೊಂದರೆ ಗಣಿತದಲ್ಲಿ ಜಾಸ್ತಿ ಕಾಣುತ್ತದೆ, ಅದಕ್ಕೇ ಗೇಟಿನ ಹೊರಗೆ ಬಂದ ಕೂಡಲೇ ಎಲ್ಲವೂ ನೆನಪಿಗೆ ಬರುತ್ತದೆ. ಮಗು ಸುಳ್ಳು ಹೇಳುತ್ತಿಲ್ಲ.

ಹಾಗಾಗಿ ಕೊಠಡಿಯನ್ನೇ ರೂಢಿ ಮಾಡಿಸಿ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ, ಪ್ರಿಂಟ್ ಹಾಕಿಸಿ. ನಿಜವಾದ ಪರೀಕ್ಷೆ ನಡೆಯುವ ಹೊತ್ತಿಗೇ ಬರೆಯಲು ಕೂರಿಸಿ. ಅವಳ ಮಂಚದ ಮೇಲೆ ಬೇಡ. ಗೆಳತಿಯ ಮನೆ ಆಗಬಹುದು, ಹತ್ತಿರದ ಲೈಬ್ರರಿ ಆಗಬಹುದು, ಸುತ್ತ ನಾಲ್ಕು ಜನ ಓಡಾಡುವ ಜಾಗ ಇದ್ದರೆ ಇನ್ನೂ ಒಳ್ಳೆಯದು, ಬೇಕಾದರೆ ಯೂನಿಫಾರ್ಮ್ ಕೂಡ ಹಾಕಿಕೊಳ್ಳಲಿ. ಮೊದಲು ಅರ್ಧ ಪತ್ರಿಕೆ, ಗಡಿಯಾರ ಇಲ್ಲದೆ. ಅದು ಹಗುರ ಅನ್ನಿಸಿದ ಮೇಲೆ ಗಡಿಯಾರ ಇಟ್ಟು ಅರ್ಧ. ಆಮೇಲೆ ಪೂರ್ತಿ. ಶುರುವಿನಲ್ಲಿ ಅಂಕ ಹಾಕಲೇಬೇಡಿ. ಎದ್ದು ಹೋಗದೆ ಕೊನೆವರೆಗೆ ಕೂತಳಾ, ಅಷ್ಟು ನೋಡಿ ಸಾಕು.

ಪ್ರಶ್ನೆಪತ್ರಿಕೆ ಓದಲು 15 ನಿಮಿಷ ಕೊಡುತ್ತಾರಲ್ವಾ, ಹೆದರಿದ ಮಕ್ಕಳ ಕಣ್ಣು ಅದರಲ್ಲಿ ಬಾರದ ಪ್ರಶ್ನೆಯನ್ನೇ ಹುಡುಕಿ ಹುಡುಕಿ ಹಿಡಿಯುತ್ತದೆ. ಬರುವ ಪ್ರಶ್ನೆಗಳನ್ನು ಮೊದಲು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಗ್ರಾಫ್ ಲೆಕ್ಕ, ಥೇಲ್ಸ್ ಪ್ರಮೇಯ, ಹೀಗೆ ಕೈಗೆ ಚೆನ್ನಾಗಿ ಕೂತಿರುವುದರಿಂದ ಬರೆಯಲು ಶುರು ಮಾಡಲಿ. ಒಂದನೇ ಪ್ರಶ್ನೆಯಿಂದಲೇ ಶುರು ಮಾಡಬೇಕು ಅಂತ ಯಾವ ನಿಯಮವೂ ಇಲ್ಲ. ಲೆಕ್ಕ ನಡುವೆ ನಿಂತರೂ ಬರೆದಷ್ಟು ಹೆಜ್ಜೆಗೆ ಅಂಕ ಸಿಗುತ್ತದೆ, ಇದನ್ನು ಅವಳಿಗೆ ಬಿಡಿಸಿ ಹೇಳಿ. ಎಷ್ಟೋ ಮಕ್ಕಳು ಉತ್ತರ ತಪ್ಪಾಯಿತು ಅನ್ನಿಸಿದ ಕೂಡಲೇ ಪೂರ್ತಿ ಹೊಡೆದು ಹಾಕಿಬಿಡುತ್ತಾರೆ. ಗಣಿತದ ಲಿಖಿತ ಪತ್ರಿಕೆ 80 ಅಂಕಕ್ಕೆ, ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನದ್ದು. ಎಲ್ಲವೂ ಆ ಮೂರು ಗಂಟೆಯಲ್ಲೇ ಇಲ್ಲ.

ಇನ್ನೊಂದು ಮಾತು. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಧೈರ್ಯ ಬಂದ ಹಾಗೆ ಅನ್ನಿಸುತ್ತದೆ, ಆದರೆ ಅದು ನಿಲ್ಲುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರಿಗೇ ಜಾಸ್ತಿ ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದಿದ್ದವರಿಗೆ ಜಾಸ್ತಿ ನೆನಪಿತ್ತು. ಪುಸ್ತಕ ಮುಚ್ಚಿ ಬರೆಯುವುದು ರೂಢಿಯಾದ ಮಗುವಿಗೆ ಪರೀಕ್ಷೆ ದಿನ ಮಾಡುವ ಕೆಲಸವೂ ಹೊಸದಾಗಿರುವುದಿಲ್ಲ.

ಡಿಗ್ರಿ ವಿದ್ಯಾರ್ಥಿನಿ, ಮಲ್ಲೇಶ್ವರ

ಆಂಟಿ, ನನಗೂ ಹತ್ತನೇ ಕ್ಲಾಸಿನಲ್ಲಿ ಹೀಗೇ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. 'ಟೆನ್ಷನ್ ಮಾಡ್ಕೋಬೇಡ' ಅಂತ ದಯವಿಟ್ಟು ಹೇಳಬೇಡಿ. ಬೇಕು ಅಂತ ಯಾರೂ ಮಾಡಿಕೊಳ್ಳುವುದಿಲ್ಲ, ಆ ಮಾತು ಕೇಳಿದರೆ ಟೆನ್ಷನ್ ಆಗುತ್ತಿರುವುದಕ್ಕೂ ಸೇರಿಸಿ ಇನ್ನೊಂದು ಟೆನ್ಷನ್ ಶುರುವಾಗುತ್ತದೆ. 'ಎದೆ ಹೊಡ್ಕೋತಾ ಇದ್ಯಾ? ಹೊಡ್ಕೊಳ್ಳಲಿ ಬಿಡು, ಅದು ಹಾಗೇ ಇರುವಾಗಲೂ ಬರೆಯಬಹುದು' ಅಂತ ನಮ್ಮ ಅತ್ತೆ ಹೇಳಿದ್ದರು. ನನಗೆ ಹಿಡಿಸಿದ್ದು ಅದು. ಭಯ ಪೂರ್ತಿ ಹೋದ ಮೇಲೆ ಬರೆಯೋಣ ಅಂತ ಕಾಯುವುದು ಬೇಕಿಲ್ಲ ಅಂತ ಗೊತ್ತಾಯಿತು.

ನನ್ನ ಟೀಚರ್ ಒಬ್ಬರು ಹೇಳಿಕೊಟ್ಟಿದ್ದು ಇದು: ಕೊಠಡಿಗೆ ಹೋಗುವ ಮುಂಚೆ ಹತ್ತು ನಿಮಿಷ, ಒಂದು ಹಾಳೆಯಲ್ಲಿ ಏನೇನು ಹೆದರಿಕೆ ಇದೆಯೋ ಎಲ್ಲ ಬರೆಯುವುದು. ಕೆಟ್ಟ ಅಕ್ಷರ, ತಪ್ಪು ವ್ಯಾಕರಣ, ಏನಾದರೂ ಇರಲಿ, ಯಾರೂ ನೋಡುವುದಿಲ್ಲ. ಹರಿದು ಬಿಸಾಕಿ ಒಳಗೆ ಹೋಗುವುದು. ಆಮೇಲೆ ಗೊತ್ತಾಯಿತು, ಷಿಕಾಗೋ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಬರೆದಿದ್ದರು. ಅವರ ಅಧ್ಯಯನದಲ್ಲಿ ಜಾಸ್ತಿ ಹೆದರುವ ಮಕ್ಕಳಿಗೇ ಇದರಿಂದ ಜಾಸ್ತಿ ಉಪಯೋಗ ಆಗಿತ್ತು. ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳುವುದಿಲ್ಲ, ಒಂದು ಕ್ಲಾಸ್ ಟೆಸ್ಟಿಗೆ ಮಾಡಿ ನೋಡಲಿ.

ಗೇಟಿನ ಹತ್ತಿರ ಗುಂಪು ಕಟ್ಟಿಕೊಂಡು 'ಆ ಚಾಪ್ಟರ್ ಓದಿದ್ಯಾ, ಈ ಪ್ರಶ್ನೆ ಗ್ಯಾರಂಟಿ ಬರುತ್ತಂತೆ' ಅನ್ನುವವರಿಂದ ದೂರ ಇರಲಿ. ಪರೀಕ್ಷಾ ಕೇಂದ್ರ ಬೇರೆ ಶಾಲೆಯಲ್ಲಿ ಬಂದರೆ ಹಿಂದಿನ ದಿನವೇ ಒಂದು ಸಲ ಹೋಗಿ ನೋಡಿ ಬನ್ನಿ, ಟಾಯ್ಲೆಟ್ ಎಲ್ಲಿದೆ ಅಂತ ಕೇಳಿಟ್ಟುಕೊಂಡರೂ ವಾಂತಿ ಬರುವ ಹುಡುಗಿಗೆ ಎಷ್ಟೋ ಸಮಾಧಾನ. ಮನೆ ಬೇಗ ಬಿಡಿ ಆಂಟಿ. ಮಾಗಡಿ ರೋಡಿನ ಟ್ರಾಫಿಕ್‌ನಲ್ಲಿ ಗಡಿಯಾರ ನೋಡುತ್ತಾ ಕೂತರೆ ಸಮಾಧಾನ ಆಗಿದ್ದವಳಿಗೂ ಕೈ ನಡುಗುತ್ತದೆ. ಪರೀಕ್ಷೆ ಮುಗಿಸಿ ಬಂದ ಮೇಲೆ ಉತ್ತರ ತಾಳೆ ನೋಡುವ ಕೆಲಸ ಮಾತ್ರ ಬೇಡವೇ ಬೇಡ, ನಾಳೆಯ ವಿಷಯ ಹಾಳಾಗುತ್ತದೆ.

ಮೂರು ಮಕ್ಕಳ ಅಜ್ಜಿ, ಚಾಮರಾಜಪೇಟೆ

ವಾಂತಿ ಆಗುತ್ತೆ ಅಂತ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಮ್ಮ. ಹಾಗಂತ ಬಲವಂತವಾಗಿ ನಾಲ್ಕು ಇಡ್ಲಿ ತುರುಕುವುದೂ ಬೇಡ. ಬೇಗ ಎಬ್ಬಿಸಿ ಒಂದು ಇಡ್ಲಿಯೋ, ಬಾಳೆಹಣ್ಣೋ, ಸ್ವಲ್ಪ ಮೊಸರನ್ನವೋ ನಿಧಾನವಾಗಿ ತಿನ್ನಲಿ. ಆ ದಿನ ಸ್ಟ್ರಾಂಗ್ ಕಾಫಿ ಕೊಡಬೇಡ, ಎದೆ ಬಡಿತ ಇನ್ನೂ ಜಾಸ್ತಿ ಆಗುತ್ತೆ. ಅವಳು ತಿನ್ನುವಾಗ ನೀನು ಎದುರಿಗೆ ನಿಂತು ಮುಖ ನೋಡುತ್ತಾ ಇರಬೇಡ, ಅಡುಗೆಮನೆಯಲ್ಲಿ ಏನಾದರೂ ಕೆಲಸ ಮಾಡಿಕೊಂಡಿರು.

ಒಬ್ಬ ತಂದೆ, ಪೀಣ್ಯ

ಅಕ್ಕಾ, ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಮೇಷ್ಟ್ರು ಬರೆದಿರುವುದು ಸರಿ, ಆದರೆ ನನ್ನದೊಂದು ತಕರಾರಿದೆ. ಬರೆಸಿ ಅಭ್ಯಾಸ ಮಾಡಿಸುತ್ತೇವೆ ಅಂತ ಎಲ್ಲ ಭಾನುವಾರವನ್ನೂ ಕಿತ್ತುಕೊಳ್ಳಬೇಡಿ. ಸಂಜೆ ಆಟ, ಗೆಳತಿಯರ ಜೊತೆ ಸುಮ್ನೆ ಹರಟೆ, ಇವೂ ಇರಲಿ. ಕೊಠಡಿ ಅಭ್ಯಾಸ ಆಗಬೇಕಾದರೆ ಮೊದಲು ಮನೆಯಲ್ಲಿ ಉಸಿರಾಡಲು ಜಾಗ ಬೇಕು.

ನಮ್ಮ ಕಡೆ ಹತ್ತನೇ ಕ್ಲಾಸಿನ ಮಗು ಇರುವ ಮನೆಗೆ ಯಾರು ಬಂದರೂ ಕೇಳುವುದು ಒಂದೇ, 'ಎಷ್ಟು ಪರ್ಸೆಂಟ್ ಬರಬಹುದು?' ನಾವು ಆ ಪ್ರಶ್ನೆಯನ್ನೇ ನಿಲ್ಲಿಸಿದೆವು. ಬಂದವರಿಗೆ ನಾನೇ ಬಾಗಿಲಲ್ಲೇ ಹೇಳುತ್ತಿದ್ದೆ, ಓದಿನ ವಿಷಯ ಬೇಡ, ಬೇರೆ ಏನಾದರೂ ಮಾತಾಡಿ ಅಂತ. ಕೆಲವರಿಗೆ ಬೇಜಾರಾಯಿತು, ಆಗಲಿ.

2024ರಿಂದ ಎಸ್ಸೆಸ್ಸೆಲ್ಸಿ ಒಂದೇ ಸಲದ ಪರೀಕ್ಷೆ ಅಲ್ಲ. ಮೊದಲನೆಯದರಲ್ಲಿ ಕಡಿಮೆ ಬಂದರೆ ಅದೇ ವರ್ಷ ಮತ್ತೆ ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಉತ್ತರಪತ್ರಿಕೆಯ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೂ ಹಾಕಬಹುದು. ಇದನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕೆ ಹೇಳಿದರೆ ಏನೂ ಪ್ರಯೋಜನ ಇಲ್ಲ. ಈಗಲೇ, ಪರೀಕ್ಷೆಗೆ ಮುಂಚೆ, ಅಪ್ಪನ ಬಾಯಿಂದ ಅವಳು ಕೇಳಬೇಕು. 'ಕಡಿಮೆ ಬಂದರೆ ಮತ್ತೆ ಬರೆಯೋಣ, ಪಿಯುಸಿ ಇದೆ, ಡಿಪ್ಲೊಮಾ ಇದೆ, ನಾನಿದ್ದೀನಿ.' ಇಷ್ಟು ಹೇಳಲು ಟ್ಯೂಷನ್ ಫೀಸಿನಷ್ಟು ದುಡ್ಡೂ ಬೇಡ.

ಶಾಲಾ ಆಪ್ತಸಮಾಲೋಚಕಿ, ಜಯನಗರ

ಮೇಲಿನವರು ಹೇಳಿದ್ದರಲ್ಲಿ ಬಹುಪಾಲು ಮನೆಯಲ್ಲೇ ಆಗುವಂಥದ್ದು. ಆದರೆ ವಾಂತಿ ಮತ್ತು ನಿದ್ದೆ ಇಲ್ಲದಿರುವುದು, ಇವೆರಡನ್ನು ಹಗುರವಾಗಿ ಬಿಡಬೇಡಿ. ಮೊದಲು ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೂ ಸುಸ್ತು, ಎದೆಬಡಿತ, ಕೈ ನಡುಕ ಕಾಣಿಸಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ, ಎದೆಬಡಿತ ಇಳಿಸುವ ಮಾತ್ರೆ ಕೊಡುವುದು ಖಂಡಿತ ಬೇಡ.

ಈ ವಯಸ್ಸಿನ ಮಕ್ಕಳಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕೇ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಗಂಟೆವರೆಗೆ ಓದಿಸಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಫೋನು ರಾತ್ರಿ ಬೇರೆ ರೂಮಿನಲ್ಲಿರಲಿ, ನಿಮ್ಮದೂ ಸೇರಿ.

ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಕೊಠಡಿಯಲ್ಲಿ ಮೊದಲ ಸಲ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ. ಮನಸ್ಸು ತಿಳಿಯಾಗಿರುವಾಗ ದಿನಾ ಐದು ನಿಮಿಷ ಮಾಡಿರಬೇಕು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ, ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಉಸಿರು ನಿಧಾನವಾಗಿ ಬಿಟ್ಟಾಗ ಎದೆಬಡಿತ ತಾನಾಗಿ ಇಳಿಯುತ್ತದೆ. ಕೊಠಡಿಯಲ್ಲಿ ಎಲ್ಲ ಮರೆತಂತಾದರೆ ಪೆನ್ ಕೆಳಗಿಟ್ಟು, ಎರಡೂ ಪಾದ ನೆಲಕ್ಕೆ ಊರಿ, ಹೀಗೆ ಐದಾರು ಸಲ ಉಸಿರು ಬಿಟ್ಟು, ಆಮೇಲೆ ಬರುವ ಒಂದು ಸಣ್ಣ ಪ್ರಶ್ನೆಗೆ ಕೈ ಹಾಕಲಿ. ಅವಳ ಕ್ಲಾಸ್ ಟೀಚರಿಗೂ ಈ ವಿಷಯ ಹೇಳಿಡಿ, ಮುಂದಿನ ಪ್ರಿಪರೇಟರಿಯಲ್ಲಿ ನೀರು ಕುಡಿಯಲು, ಹೊರಗೆ ಹೋಗಿ ಬರಲು ಕೇಳಿದರೆ ಅವರಿಗೆ ಅರ್ಥವಾಗುತ್ತದೆ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆಗೇ ಹೋಗುವುದಿಲ್ಲ ಅಂದರೆ, ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋಗಿ. ಇಂಥ ಭಯಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಅದರಲ್ಲಿ ಹೆಚ್ಚಿನದು ಮಾತಿನಲ್ಲೇ ನಡೆಯುವಂಥದ್ದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಪ್ರತ್ಯೇಕ ವಿಭಾಗ ಇದೆ. 'ನಾನು ಇರುವುದೇ ಬೇಡ' ಅನ್ನುವಂಥ ಮಾತು ಒಂದೇ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಅವಳನ್ನು ಒಬ್ಬಳೇ ಬಿಡದೆ ಅದೇ ದಿನ ಕರೆದುಕೊಂಡು ಹೋಗಿ.

ಟೆಲಿ ಮನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗಳೇ ಮಾತಾಡಬೇಕು ಅಂತಿಲ್ಲ. ಏನೂ ತೋಚುತ್ತಿಲ್ಲ ಅಂತ ಬರೆದಿದ್ದೀರಲ್ಲ, ಮೊದಲ ಕರೆ ನೀವೇ ಮಾಡಿ.