ನರ್ಸ್ ರಿಜಿಸ್ಟ್ರೇಷನ್‌ಗೆ ವರ್ಷ ವರ್ಷ ದುಡ್ಡು ಕಟ್ಟಿ ಅಂದರೆ ನೀವು ಕಟ್ಟುತ್ತೀರಾ?

ಚಿಂಚವಾಡ ನೈಟ್ ಡ್ಯೂಟಿ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಕಡೆಯವಳು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎರಡೂವರೆ ವರ್ಷದಿಂದ ಪುಣೆ ಹತ್ತಿರ ಚಿಂಚವಾಡದ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಮೊನ್ನೆ ರಾತ್ರಿ ವಾರ್ಡ್ ಸ್ವಲ್ಪ ತಣ್ಣಗಿತ್ತು, ಚಹಾ ಕುಡಿಯುತ್ತಾ ಶುರುವಾದ ಮಾತು ಬೆಳಗಿನ ಹ್ಯಾಂಡೋವರ್ ತನಕ ಜಗಳವಾಗಿಯೇ ನಡೆಯಿತು.

ನಮ್ಮ ಸೀನಿಯರ್ ಒಬ್ಬರು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿ ರಿಜಿಸ್ಟ್ರೇಷನ್ ಉಳಿಯಬೇಕಾದರೆ 2025ರಲ್ಲಿ ವರ್ಷಕ್ಕೆ 120 ಪೌಂಡ್ ಕಟ್ಟಬೇಕಿತ್ತು. 2015ರಿಂದ ಅಷ್ಟೇ ಇತ್ತು, 2025ರಲ್ಲಿ ಅದನ್ನು 143 ಮಾಡುವ ಪ್ರಸ್ತಾಪ ಬಂತು. ನಮ್ಮ ಇನ್‌ಚಾರ್ಜ್ ಸಿಸ್ಟರ್ ಹೇಳುವುದು, ಇಲ್ಲೂ ಹಾಗೇ ಆಗಬೇಕು, ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿ ಕೈತೊಳೆದುಕೊಂಡರೆ ರಾಜ್ಯದ ನರ್ಸ್‌ಗಳ ರಿಜಿಸ್ಟರ್ ಇಡುವ ಕೌನ್ಸಿಲ್ ಹೇಗೆ ಕೆಲಸ ಮಾಡುತ್ತೆ ಅಂತ. ನಾನು ಹೇಳಿದೆ, ಕೈಗೆ 18 ಸಾವಿರ ಬರುತ್ತೆ, ಅದರಲ್ಲಿ ರೂಮ್ ಬಾಡಿಗೆ, ಮೆಸ್, ಊರಿಗೆ ಕಳಿಸುವುದು, ಇನ್ನು ಕೌನ್ಸಿಲ್‌ಗೂ ಕೊಡಬೇಕಾ? ನೀವೆಲ್ಲ ಏನನ್ನುತ್ತೀರಿ? ಸುಮ್ನೆ ಬೈಯಬೇಡಿ, ನಿಜಕ್ಕೂ ತಿಳಿಯಬೇಕು.

ಡಬ್ಲಿನ್ ರಿಟರ್ನ್

ನಾನು ಐರ್ಲೆಂಡಿನಲ್ಲಿ ನರ್ಸ್. ಈಗ ರಜೆಗೆ ಘಾಟ್ಕೋಪರ್‌ಗೆ, ಅಮ್ಮನ ಮನೆಗೆ ಬಂದಿದ್ದೇನೆ. ತಂಗೀ, ಅಲ್ಲಿಯ ಕಥೆ ಕೇಳು, ಇಂಗ್ಲೆಂಡಿಗಿಂತ ಅದೇ ಸ್ವಾರಸ್ಯ.

2011ರಲ್ಲಿ ಅಲ್ಲಿ ಹೊಸ ಕಾಯ್ದೆ ಬಂತು. ನರ್ಸ್ ಮೇಲೆ ದೂರು ಬಂದರೆ ವಿಚಾರಣೆ ಬಹಿರಂಗವಾಗಿ ನಡೆಯಬೇಕು, ನರ್ಸಿಂಗ್ ಬೋರ್ಡಿನಲ್ಲಿ (ಅಲ್ಲಿಯ ಕೌನ್ಸಿಲ್ ಅದೇ) ನರ್ಸ್ ಅಲ್ಲದವರೇ ಜಾಸ್ತಿ ಇರಬೇಕು, ಹೀಗೆಲ್ಲ. ಒಳ್ಳೆಯದೇ. ಆದರೆ ವಿಚಾರಣೆ ಅಂದರೆ ವಕೀಲರು, ವಕೀಲರು ಅಂದರೆ ದುಡ್ಡು. ಫೀಸು 88 ಯೂರೋ ಇದ್ದದ್ದು 100 ಆಯಿತು, ಮರುವರ್ಷ 2015ಕ್ಕೆ ಒಮ್ಮೆಲೇ 150 ಅಂದರು. ಅದೂ ಸಂಬಳ ಕಡಿತ ಆಗಿದ್ದ ಕಾಲ! ಯೂನಿಯನ್‌ಗಳು ಬೋರ್ಡಿನ ಕಚೇರಿ ಮುಂದೆ ಪ್ರತಿಭಟನೆ ಮಾಡಿದವು. ಯಾರೂ 150 ಕಟ್ಟಬೇಡಿ, 100 ಮಾತ್ರ ಕಟ್ಟಿ ಅಂತ ಸದಸ್ಯರಿಗೆ ಹೇಳಿದವು. ಕೊನೆಗೆ ಬೋರ್ಡ್ ಹಿಂದೆ ಸರಿಯಿತು, 100ಕ್ಕೇ ನಿಂತಿತು.

ಕಟ್ಟುವುದೇ ಇಲ್ಲ ಅಂತ ಅವರು ಹೇಳಲಿಲ್ಲ, ಅದನ್ನು ಗಮನಿಸು. ಹಳೆಯದನ್ನು ಕಟ್ಟುತ್ತೇವೆ, ಹೊಸದಕ್ಕೆ ಲೆಕ್ಕ ಕೊಡಿ ಅಂದರು.

ಮಡಗಾಂವ್ ಬ್ರದರ್

ಸಿಸ್ಟರ್, ಲೆಕ್ಕದ ಮಾತಿಗೆ ಮುಂಚೆ ಒಂದು ಪ್ರಶ್ನೆ. ಕೌನ್ಸಿಲ್ ಇರುವುದು ಯಾರಿಗೋಸ್ಕರ? ಪೇಷಂಟ್‌ಗೋಸ್ಕರ, ಅಲ್ವಾ? ನಮ್ಮ ಹಕ್ಕು ಕೇಳುವುದು ಯೂನಿಯನ್ ಕೆಲಸ, ನಮ್ಮ ತಪ್ಪು ಹಿಡಿಯುವುದು ಕೌನ್ಸಿಲ್ ಕೆಲಸ. ಪೊಲೀಸ್ ಸ್ಟೇಷನ್ ನಡೆಸಲು ಬೀದಿಯವರೆಲ್ಲ ಚಂದಾ ಹಾಕುತ್ತಾರಾ?

ಇಂಗ್ಲೆಂಡೂ ಸೇರಿ ಇಡೀ ಬ್ರಿಟನ್ನಿಗೆ ಇರುವ ಕೌನ್ಸಿಲ್ ನೋಡಿ. 8 ಲಕ್ಷಕ್ಕೂ ಜಾಸ್ತಿ ನರ್ಸ್, ಹೆರಿಗೆ ಮಾಡಿಸುವ ಮಿಡ್‌ವೈಫ್‌ಗಳು ಅಲ್ಲಿ ಹೆಸರು ಬರೆಸಿದ್ದಾರೆ. ದೂರು ಬರುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರ ಮೇಲೆ, ಆದರೆ ದುಡ್ಡಿನ ದೊಡ್ಡ ಪಾಲು ಹೋಗುವುದು ಆ ದೂರುಗಳ ವಿಚಾರಣೆಗೇ. ಅಷ್ಟಾಗಿಯೂ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ. 2024ರ ಜುಲೈನಲ್ಲಿ ಹೊರಗಿನವರು ಪರಿಶೀಲನೆ ಮಾಡಿ ಕೊಟ್ಟ ವರದಿ ಬಂತು, ಒಳಗಿನ ವಾತಾವರಣವೇ ಕೆಟ್ಟಿದೆ, ಜನಾಂಗಭೇದ ಇದೆ ಅಂತ ಅದರಲ್ಲಿ ಬರೆದಿತ್ತು. ಇದಾದ ಮೇಲೆ ಫೀಸು ಏರಿಸಿ ಅಂದರೆ ಯಾರಿಗೆ ಉರಿಯುವುದಿಲ್ಲ?

ಮತ್ತೆ ಅಲ್ಲಿ ಸರ್ಕಾರ ದುಡ್ಡು ಹಾಕಿದ್ದೂ ಇದೆ. 76 ಪೌಂಡ್ ಇದ್ದ ಫೀಸನ್ನು ಆಗಲೇ 120 ಮಾಡಲು ಹೊರಟಿದ್ದರು. 2012ರಲ್ಲಿ ಸರ್ಕಾರ 2 ಕೋಟಿ ಪೌಂಡ್ ಕೊಟ್ಟಿತು, ಹಾಗಾಗಿ 2013ರಲ್ಲಿ 100ಕ್ಕೆ ನಿಂತಿತು. ಮನಸ್ಸು ಮಾಡಿದರೆ ಆಗುತ್ತೆ.

ನಮ್ಮ ಸಂಬಳದ ವಿಷಯಕ್ಕೆ ಬಂದರೆ, ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಆದ ಸಮಿತಿ 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ 20 ಸಾವಿರಕ್ಕೆ ಕಡಿಮೆ ಕೊಡಬಾರದು ಅಂತ 2016ರಲ್ಲೇ ಶಿಫಾರಸು ಮಾಡಿದೆ. ಚಿಂಚವಾಡ ಸಿಸ್ಟರ್‌ಗೆ ಇವತ್ತು 18. ಮೊದಲು ಅದನ್ನು ಕೊಡಿಸಲಿ.

ಡೊಂಬಿವಲಿ ಮೇಟ್ರನ್ (ರಿಟೈರ್ಡ್)

ಬ್ರದರ್, ಪೊಲೀಸ್ ಉದಾಹರಣೆ ಚೆನ್ನಾಗಿದೆ, ಆದರೆ ಸರಿಯಿಲ್ಲ. ಸರ್ಕಾರದ ದುಡ್ಡಿನಲ್ಲೇ ನಡೆಯುವ ಕೌನ್ಸಿಲ್ ಸರ್ಕಾರಿ ಆಸ್ಪತ್ರೆಯನ್ನು ಪ್ರಶ್ನೆ ಮಾಡುತ್ತಾ? ನಮ್ಮದೇ ದುಡ್ಡಾದರೆ ನಾವು ಹೋಗಿ ಮೇಜು ಕುಟ್ಟಿ ಕೇಳಬಹುದು.

ಹೋದ ವರ್ಷ ನಮ್ಮ ನಾದಿನಿಯನ್ನು ಠಾಣೆ ಕಡೆ ಒಂದು ಸಣ್ಣ ನರ್ಸಿಂಗ್ ಹೋಮ್‌ಗೆ ಸೇರಿಸಿದ್ದೆವು. ನಾನು ಹೋಗಿ ನೋಡಿದರೆ ಐವಿ ಔಟ್ ಆಗಿದೆ, ಅಂದರೆ ಸಲೈನ್ ಸೂಜಿ ರಕ್ತನಾಳದಿಂದ ಹೊರಗೆ ಬಂದಿದೆ, ಕೈ ಬದನೆಕಾಯಿ ಹಾಗೆ ಊದಿದೆ, ಸಲೈನ್ ಮಾತ್ರ ಹೋಗುತ್ತಲೇ ಇದೆ. ಬಿಳಿ ಡ್ರೆಸ್ಸಿನ ಹುಡುಗಿಯನ್ನು ಕರೆದೆ. ಅವಳು ಸಲೈನ್ ನಿಲ್ಲಿಸುವುದು ಬಿಟ್ಟು ಅದರ ವೇಗ ಇನ್ನೂ ಜಾಸ್ತಿ ಮಾಡಿದಳು! ಎಲ್ಲಿ ಟ್ರೇನಿಂಗ್ ಅಂತ ಕೇಳಿದರೆ ಆರು ತಿಂಗಳ ಕ್ಲಾಸಂತೆ. ಪಾಪ, ಬೈಯಲು ಮನಸ್ಸಾಗಲಿಲ್ಲ. ಅವಳ ತಪ್ಪಲ್ಲ, ಅವಳಿಗೆ ಸಿಸ್ಟರ್ ಡ್ರೆಸ್ ತೊಡಿಸಿದವನ ತಪ್ಪು. ಆದರೆ ಯಾರಿಗೆ ಹೇಳುವುದು? ಬಂದು ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ರಿಜಿಸ್ಟ್ರೇಷನ್ ನಂಬರ್ ಕೇಳುವವರು ಯಾರು? ಆ ಕೆಲಸಕ್ಕೆ ಜನ ಬೇಕು, ಜನಕ್ಕೆ ಸಂಬಳ ಬೇಕು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಅಂತ 2023ರಲ್ಲಿ ಹೊಸ ನರ್ಸಿಂಗ್ ಕಮಿಷನ್ ಕಾಯ್ದೆ ಮಾಡಿದರು, ದೇಶಕ್ಕೆಲ್ಲ ಒಂದು ರಿಜಿಸ್ಟರ್ ಅಂದರು, ಸಂತೋಷ. ರಿಜಿಸ್ಟರ್ ತಾನಾಗಿ ಎದ್ದು ನಡೆದು ವಾರ್ಡಿಗೆ ಬರುವುದಿಲ್ಲವಲ್ಲ.

ನಾನಾದರೆ ಕಟ್ಟುತ್ತೇನೆ. ಈಗ ರಿಟೈರ್ ಆಗಿದ್ದೇನೆ ಅಂತ ಹೇಳುವುದು ಸುಲಭ, ಒಪ್ಪುತ್ತೇನೆ.

ಅಂದ ಹಾಗೆ ಮಗಳೇ, ನೀನು ಓದಿದ್ದು ಕರ್ನಾಟಕದಲ್ಲಿ ಅಲ್ವಾ? ಈಗ ಕೆಲಸ ಮಾಡುವ ರಾಜ್ಯದ, ಅಂದರೆ ಮಹಾರಾಷ್ಟ್ರದ ಕೌನ್ಸಿಲ್‌ನಲ್ಲಿ ಹೆಸರು ಸೇರಿಸಿಕೊಂಡಿದ್ದೀಯಾ?

ಮುಲುಂಡ್ ಲೆಕ್ಕಿಗ

ನಾನು ನರ್ಸ್ ಅಲ್ಲ, ಹೆಂಡತಿ ನರ್ಸ್. ಒಂದು ಲೆಕ್ಕ ಹಾಕಿ ಹೋಗುತ್ತೇನೆ. 2025ರಲ್ಲಿ ಇಂಗ್ಲೆಂಡಿನಲ್ಲಿ ಹೊಸದಾಗಿ ಸೇರಿದ ಸರ್ಕಾರಿ ನರ್ಸ್‌ಗೆ ವರ್ಷಕ್ಕೆ ಸುಮಾರು 31 ಸಾವಿರ ಪೌಂಡ್ ಇತ್ತು. 120 ಅಂದರೆ ಸಾವಿರಕ್ಕೆ ನಾಲ್ಕೂ ಇಲ್ಲ. ಅದಕ್ಕೂ ತೆರಿಗೆಯಲ್ಲಿ ಸ್ವಲ್ಪ ವಾಪಸ್ ಸಿಗುತ್ತೆ, ಮೂರು ತಿಂಗಳಿಗೆ 30ರಂತೆ ಕಂತಿನಲ್ಲೂ ಕಟ್ಟಬಹುದಿತ್ತು. ಅದೇ ಪ್ರಮಾಣ ಹಿಡಿದರೆ 18 ಸಾವಿರ ಸಂಬಳಕ್ಕೆ ವರ್ಷಕ್ಕೆ 830 ರೂಪಾಯಿ ಚಿಲ್ಲರೆ.

830 ದೊಡ್ಡದಲ್ಲ ಅನಿಸಬಹುದು. ಆದರೆ ಎಲ್ಲರಿಗೂ ಒಂದೇ ಫೀಸು ಅಂತ ಇಟ್ಟರೆ 18 ಸಾವಿರದವಳೂ ಅಷ್ಟೇ, 80 ಸಾವಿರದ ಸರ್ಕಾರಿ ಸಿಸ್ಟರ್ ಕೂಡ ಅಷ್ಟೇ. ಸಂಬಳದ ಮೇಲೆ ಇಡಲಿ. ಇಲ್ಲವಾದರೆ ಹಾಸಿಗೆಗೆ ಇಷ್ಟು ಅಂತ ಆಸ್ಪತ್ರೆಯಿಂದಲೇ ತೆಗೆದುಕೊಳ್ಳಲಿ.

ಮಡಗಾಂವ್ ಬ್ರದರ್

ಹಾಸಿಗೆ ಲೆಕ್ಕ ಇಷ್ಟವಾಯಿತು. ಆದರೆ ಮಾಲೀಕರು ಅದನ್ನು ನಮ್ಮ ಸಂಬಳದಲ್ಲೇ ಹಿಡಿಯುತ್ತಾರೆ, ನೋಡುತ್ತಿರಿ.

ಡಬ್ಲಿನ್ ರಿಟರ್ನ್

ಮೇಟ್ರನ್ ಅಕ್ಕ ಹೇಳಿದ ಹಾಜರಿ ಪುಸ್ತಕದ ಕೆಲಸ ಅಲ್ಲಿ ಆಸ್ಪತ್ರೆಯವರೇ ಮಾಡುತ್ತಾರೆ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ನನ್ನ ಹೆಸರು ಹುಡುಕಿದರೆ ಸಿಗಬೇಕು, ಪೇಷಂಟ್ ಬೇಕಾದರೂ ಹುಡುಕಬಹುದು. ಹೆಸರು ಇಲ್ಲ ಅಂದರೆ ಆ ದಿನವೇ ಡ್ಯೂಟಿ ಇಲ್ಲ. ಫೀಸು ಕಟ್ಟುವಾಗ ಹೊಟ್ಟೆ ಉರಿದರೂ ಏನಕ್ಕೆ ಕಟ್ಟುತ್ತಿದ್ದೇನೆ ಅಂತ ಗೊತ್ತಿರುತ್ತೆ.

ಚಿಂಚವಾಡ ನೈಟ್ ಡ್ಯೂಟಿ

ಎಲ್ಲರದ್ದೂ ಓದಿದೆ. ಕಟ್ಟುವುದೇ ಇಲ್ಲ ಅಂತ ಹೇಳುತ್ತಿದ್ದವಳು ಈಗ ಸ್ವಲ್ಪ ಮೆತ್ತಗಾಗಿದ್ದೇನೆ. ನೂರಿನ್ನೂರಾದರೆ ಕೊಡಬಹುದು, ಆದರೆ ಆ ದುಡ್ಡಿನಲ್ಲಿ ಎಷ್ಟು ಆಸ್ಪತ್ರೆಗೆ ಹೋದಿರಿ, ಎಷ್ಟು ದೂರು ಮುಗಿಸಿದಿರಿ ಅಂತ ವರ್ಷಕ್ಕೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು.

ಮೇಟ್ರನ್ ಅಮ್ಮನ ಪ್ರಶ್ನೆಗೆ ನಿನ್ನೆಯೇ ಉತ್ತರ ಬರೆದು ಅಳಿಸಿದ್ದೆ. ಈಗ ಹೇಳಿಬಿಡುತ್ತೇನೆ. ನನ್ನ ಹತ್ತಿರ ಇರುವುದು ಕರ್ನಾಟಕದ ರಿಜಿಸ್ಟ್ರೇಷನ್ ಮಾತ್ರ. ಸೇರುವಾಗ ಜೆರಾಕ್ಸ್ ತೆಗೆದುಕೊಂಡರು, ಮಹಾರಾಷ್ಟ್ರದ್ದು ಆಮೇಲೆ ಮಾಡಿಸು ಅಂದರು. ಎರಡೂವರೆ ವರ್ಷ ಆಯಿತು, ಯಾರೂ ಕೇಳಲಿಲ್ಲ, ನಾನೂ ಸುಮ್ಮನಿದ್ದೆ.

ಡೊಂಬಿವಲಿ ಮೇಟ್ರನ್ (ರಿಟೈರ್ಡ್)

ಅಯ್ಯೋ ಮಗಳೇ. ಡ್ಯೂಟಿ ಮುಗಿದ ತಕ್ಷಣ ಮಲಗಬೇಡ, ಮೊದಲು ಬೆಂಗಳೂರಿನ ಕೌನ್ಸಿಲ್‌ಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಅರ್ಜಿ ಹಾಕು. ಅದು ಬಂದ ಮೇಲೆ ಮುಂಬೈ ಕೌನ್ಸಿಲ್ ಕೆಲಸಕ್ಕೆ ನಾನೇ ಜೊತೆಗೆ ಬರುತ್ತೇನೆ. ಮಾರ್ಕ್ಸ್‌ಕಾರ್ಡ್ ಎಲ್ಲ ಒರಿಜಿನಲ್ ಊರಲ್ಲಿದ್ದರೆ ಅಪ್ಪನಿಗೆ ಇವತ್ತೇ ಫೋನ್ ಮಾಡಿ ತರಿಸಿಕೋ.