ಸಹಾಯ ಬೇಕು: ಅಮೆರಿಕದ ಮೇನ್ (Maine) ರಾಜ್ಯದ ಕರಾವಳಿಯಲ್ಲಿ ಎಲ್ಲಿ ಉಳಿಯೋದು?

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನಿಂದ ಕಾರಲ್ಲಿ ಮೇನ್ ಕಡೆ ಹೊರಟಿದ್ದೇವೆ. ರಾಕ್‌ಲ್ಯಾಂಡ್, ಸ್ಟೋನಿಂಗ್ಟನ್, ಬಾರ್ ಹಾರ್ಬರ್ ಮ್ಯಾಪ್‌ನಲ್ಲಿ ಪಕ್ಕಪಕ್ಕದಲ್ಲೇ ಕಾಣುತ್ತವೆ, ಆದರೆ ಕಡಲು ಒಳಗೊಳಗೆ ನುಗ್ಗಿರುವುದರಿಂದ ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ. ರಾಕ್‌ಲ್ಯಾಂಡ್‌ನಿಂದ ವೈನಲ್‌ಹೇವನ್ ದ್ವೀಪಕ್ಕೆ ಫೆರಿ ಸುಮಾರು 75 ನಿಮಿಷ. ಕಾರಿಗೆ ಜಾಗ ಬುಕ್ ಮಾಡಲು ನೋಡಿದೆ, ನಮ್ಮ ದಿನಕ್ಕೆ ಸಿಗಲಿಲ್ಲ. ಸುಮ್ನೆ ನಡೆದು ಹತ್ತೋಣ ಅಂದರೆ ಅಮ್ಮನಿಗೆ ಮಂಡಿನೋವು. ಅಪ್ಪನಿಗೋ, ಬಾರ್ ಹಾರ್ಬರ್‌ನಲ್ಲಿ ಇಳಿತದ ಹೊತ್ತಿಗೆ ಜಲ್ಲಿಕಲ್ಲಿನ ದಾರಿಯಲ್ಲಿ ಬಾರ್ ಐಲ್ಯಾಂಡ್‌ಗೆ ನಡೆದೇ ಹೋಗಬೇಕಂತೆ (ನೀರು ಏರಿದರೆ ಅಲ್ಲೇ ಬಾಕಿ!). ಇಬ್ಬರೂ ಸಸ್ಯಾಹಾರಿಗಳು, ಅಲ್ಲಿ ಎಲ್ಲಿ ನೋಡಿದರೂ ಲಾಬ್‌ಸ್ಟರ್.

ಹೋಗಿ ಬಂದವರು ಹೇಳಿ: ಮೂರು ರಾತ್ರಿಯೂ ರಾಕ್‌ಲ್ಯಾಂಡ್‌ನಲ್ಲೇ ಉಳಿಯೋದಾ, ಇಲ್ಲಾ ಕೊನೆಯ ರಾತ್ರಿ ಬಾರ್ ಹಾರ್ಬರ್‌ಗೆ ಹೋಗೋದಾ? ಕಾರಿಲ್ಲದೆ ಹೋದರೆ, ಫೆರಿ ಇಳಿದಲ್ಲಿಂದ ವೈನಲ್‌ಹೇವನ್ ಪೇಟೆ ಅಮ್ಮ ನಡೆಯುವಷ್ಟು ಹತ್ತಿರಾನಾ?