ಪದಚರ್ಚೆ: ಗಿಂಪ್‌ನ ‘ಸೆಲೆಕ್ಷನ್’ಗೆ ‘ಆಯ್ಕೆ’ ಹೊಂದುತ್ತದೆಯೇ?

ಬಲ್ಲವರೆಲ್ಲರಿಗೂ ನಮಸ್ಕಾರ.

ಚಿತ್ರಗಳನ್ನು ತಿದ್ದುವ, ಬಿಡಿಸುವ ಗಿಂಪ್ ತಂತ್ರಾಂಶದ ಕೈಪಿಡಿಯಲ್ಲಿ ಹೊಸಬರಿಗೆ ಮೊದಲು ಬೇಕಾಗುವ ಅಧ್ಯಾಯಗಳನ್ನು ನಾವು ಕೆಲವರು ಕನ್ನಡಕ್ಕೆ ತರುತ್ತಿದ್ದೇವೆ. ಕೈಪಿಡಿ ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಅನುವಾದಿಸಲು, ತಿದ್ದಲು, ನಮ್ಮ ಓದುಗರಿಗೆ ತಕ್ಕಂತೆ ಬಿಡಿಸಿ ಬರೆಯಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಚಿತ್ರದಲ್ಲಿ ಒಂದರ ಮೇಲೊಂದು ಕೂರುವ ಹಾಳೆಗಳಂಥ ‘ಲೇಯರ್’ಗೆ ‘ಪದರ’ ಎಂದಾಗ ಯಾರೂ ತಕರಾರು ಎತ್ತಲಿಲ್ಲ. ‘ಮಾಸ್ಕ್’ಗೆ ‘ಮುಖವಾಡ’ ಎಂಬ ಸಲಹೆ ಬಂದಿತ್ತು. ಅದನ್ನು ಬಿಟ್ಟು ‘ಮುಸುಕು’ ಇಟ್ಟುಕೊಂಡೆವು. ‘ಬ್ರಷ್’ ಬ್ರಷ್ಷಾಗಿಯೇ ಉಳಿದಿದೆ. ಸಿಕ್ಕಿಹಾಕಿಕೊಂಡಿರುವುದು ‘ಸೆಲೆಕ್ಷನ್’ ಎಂಬಲ್ಲಿ, ಅಂದರೆ ಚಿತ್ರದಲ್ಲಿ ಕೆಲಸ ನಡೆಯಬೇಕಾದಷ್ಟು ಜಾಗವನ್ನು ಗುರುತಿಸಿಟ್ಟುಕೊಳ್ಳುವುದಕ್ಕೆ ಇರುವ ಪದದಲ್ಲಿ.

ಕನ್ನಡದ ತಂತ್ರಾಂಶಗಳಲ್ಲಿ ‘ಆಪ್ಷನ್’ಗೂ ‘ಸೆಲೆಕ್ಷನ್’ಗೂ ‘ಆಯ್ಕೆ’ ಎಂದೇ ಬಳಸುವುದು ರೂಢಿಯಾಗಿಬಿಟ್ಟಿದೆ. ಪತ್ರ ಬರೆಯುವ ತಂತ್ರಾಂಶದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಗಿಂಪ್‌ನಲ್ಲಿ ಪ್ರತಿ ಉಪಕರಣಕ್ಕೂ ತನ್ನದೇ ಆಪ್ಷನ್‌ಗಳಿವೆ, ಸೆಲೆಕ್ಷನ್ ಉಪಕರಣಗಳ ಗುಂಪೇ ಬೇರೆ ಇದೆ. ಹಾಗಾಗಿ ನಮ್ಮ ಕರಡಿನಲ್ಲಿ ಈ ವಾಕ್ಯ ಹುಟ್ಟಿಕೊಂಡಿದೆ: ‘ಆಯ್ಕೆ ಉಪಕರಣದ ಆಯ್ಕೆಗಳಲ್ಲಿ ಮೊದಲನೆಯದನ್ನು ಆಯ್ಕೆ ಮಾಡಿ.’ ವ್ಯಾಕರಣದಲ್ಲಿ ಕುಂದಿಲ್ಲ, ಅರ್ಥ ಮಾತ್ರ ದೇವರಿಗೇ ಪ್ರೀತಿ. ಹೋಗಲಿ, ಕ್ರಿಯಾಪದವನ್ನಾದರೂ ಬದಲಿಸೋಣವೆಂದು ‘ಆರಿಸು’ ಎಂದರೆ ‘ಎಲ್ಲವನ್ನೂ ಆರಿಸು’ ಎಂಬ ಆಜ್ಞೆ ಮನೆಯ ದೀಪಗಳಿಗೆ ಹೇಳಿದಂತಿದೆ.

ಇದು ಪದಗಳ ಗೀಳು ಎಂದುಕೊಳ್ಳಬೇಡಿ. ಹೊಸಬರು ಮೊದಲು ಎಡವುವುದೇ ಇಲ್ಲಿ. ಬ್ರಷ್ ಎಳೆಯುತ್ತಾರೆ, ಬಣ್ಣ ಬೀಳುವುದಿಲ್ಲ. ಚಿತ್ರದ ಇನ್ನೊಂದು ಮೂಲೆಯಲ್ಲಿ, ತೆರೆಯ ಆಚೆ, ಹಿಂದೆ ಯಾವಾಗಲೋ ಮಾಡಿದ ಸೆಲೆಕ್ಷನ್ ಹಾಗೆಯೇ ಉಳಿದಿರುತ್ತದೆ. ಅದರ ಒಳಗಷ್ಟೇ ಬಣ್ಣ ಹತ್ತುತ್ತದೆ. ಶಿಫ್ಟ್, ಕಂಟ್ರೋಲ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಹೋಗಿ ಇಡೀ ಪದರ ಕೈಗೆ ಸಿಗುತ್ತದೆ. ಮೆನುವಿನಲ್ಲಿ ಇದೇ ಪರಿಹಾರದ ಹೆಸರು ‘ಆಯ್ಕೆ’, ಅದರ ಕೆಳಗೆ ‘ಯಾವುದೂ ಇಲ್ಲ’ ಎಂದಾದರೆ ಹೊಸಬರು ಓದಿಕೊಳ್ಳುವುದು ‘ನಿಮಗೆ ಬೇರೆ ದಾರಿಯಿಲ್ಲ’ ಎಂದು.

ಅರ್ಥದಲ್ಲೂ ಒಂದು ಸೂಕ್ಷ್ಮವಿದೆ. ಆಯ್ಕೆ ಎಂದೊಡನೆ ಆಯ್ದದ್ದು ಒಂದು ಕಡೆ, ಬಿಟ್ಟದ್ದು ಇನ್ನೊಂದು ಕಡೆ ಎಂಬ ಭಾವನೆ ಬರುತ್ತದೆ. ಗಿಂಪ್‌ನಲ್ಲಿ ಹಾಗಿಲ್ಲ. ಚಿತ್ರದ ಒಂದು ಬಿಂದು (ಪಿಕ್ಸೆಲ್) ಅರೆಬರೆಯಾಗಿಯೂ ಸೆಲೆಕ್ಟ್ ಆಗಿರಬಹುದು. ಕೈಪಿಡಿ ಅದನ್ನು 0ಯಿಂದ 255ರವರೆಗಿನ ಬೆಲೆಯಾಗಿ ವಿವರಿಸುತ್ತದೆ. ಸುತ್ತ ಓಡುವ ಚುಕ್ಕೆಗೆರೆ ಆ ಬೆಲೆ ಅರ್ಧಕ್ಕೆ ಬರುವ ಜಾಗವನ್ನಷ್ಟೇ ತೋರಿಸುತ್ತದೆ. ಅಂಚನ್ನು ಮೆದುಮಾಡಿದಾಗ ಗೆರೆಯ ಆಚೆಗೂ ಬಣ್ಣ ತುಸು ಚಾಚುವುದು ಅದಕ್ಕೇ. ಇಂಗ್ಲಿಷ್‌ನವರು ಆ ಗೆರೆಯನ್ನು ನಡೆಯುವ ಇರುವೆಗಳು ಎನ್ನುತ್ತಾರೆ. ನಾವು ‘ಇರುವೆ ಸಾಲು’ ಎಂದು ಬರೆದುಕೊಂಡಿದ್ದೇವೆ. ಇಡೀ ಪಟ್ಟಿಯಲ್ಲಿ ಜಗಳವಾಡದೆ ಒಪ್ಪಿದ ಎರಡನೆಯ ಪದ ಅದು.

ಇದುವರೆಗೆ ತೂಗಿ ನೋಡಿದ ಪದಗಳನ್ನು ಹೇಳುತ್ತೇನೆ. ‘ಆಯ್ದ ಭಾಗ’ ಮೊದಲ ನೋಟಕ್ಕೆ ಚೆನ್ನಾಗಿದೆ. ಆದರೆ ‘ಆಯ್ದ ಭಾಗವನ್ನು ಹಿಗ್ಗಿಸಿ’ ಎಂದರೆ ಚಿತ್ರದ ಆ ತುಂಡೇ ದೊಡ್ಡದಾಗುತ್ತದೆ ಎಂದು ಓದುಗರು ತಿಳಿಯುತ್ತಾರೆ, ಅಲ್ಲಿ ಹಿಗ್ಗುವುದು ಇರುವೆ ಸಾಲು ಮಾತ್ರ. ‘ಆವರಣ’ ಎಂದರೆ ಕಾಲೇಜೂ ನೆನಪಾಗುತ್ತದೆ, ಕಂಸವೂ ನೆನಪಾಗುತ್ತದೆ. ಒಬ್ಬರು ‘ಅಚ್ಚುಕಟ್ಟು’ ಎಂದರು: ಕಾಲುವೆಯ ನೀರು ಹರಿಯುವಷ್ಟು ಜಮೀನಿನಂತೆ ಬಣ್ಣ ಹರಿಯುವಷ್ಟು ಜಾಗ. ಕೇಳಿ ಖುಷಿಯಾಯಿತು. ಆದರೆ ‘ಅಚ್ಚುಕಟ್ಟು ಮಾಡಿ’ ಎಂದು ಬರೆದರೆ ಜನ ಮೇಜು ಒರೆಸಲು ಹೊರಡುತ್ತಾರೆ.

ನನ್ನ ಒಲವು ‘ಎಲ್ಲೆ’ಯ ಕಡೆಗೆ. ಎಲ್ಲೆ ಹಾಕು, ಎಲ್ಲೆ ತೆಗೆ, ಎಲ್ಲೆ ಹಿಗ್ಗಿಸು, ಎಲ್ಲೆ ಕುಗ್ಗಿಸು, ಎಲ್ಲವೂ ಸಲೀಸಾಗಿ ಬಾಯಿಗೆ ಬರುತ್ತವೆ. ‘ಇನ್ವರ್ಟ್’ ಎಂಬುದನ್ನು ಮಾತ್ರ ‘ತಲೆಕೆಳಗು’ ಎನ್ನಬಾರದು, ಚಿತ್ರವೇ ಮಗುಚುತ್ತದೆ ಎಂದು ಹೆದರುತ್ತಾರೆ; ‘ಒಳಹೊರಗು ಅದಲುಬದಲು’ ಎಂದರೆ ನಡೆಯುವುದೇನೆಂದು ತಿಳಿಯುತ್ತದೆ. ಇದಕ್ಕೆ ಎರಡು ಆಕ್ಷೇಪಗಳು ಬಂದಿವೆ. ಮೆದು ಅಂಚಿಗೆ ಎಲ್ಲೆ ಎಂಬುದು ತೀರಾ ಬಿಗಿಯಾದ ಮಾತು ಎಂಬುದು ಒಂದು. ಇದನ್ನು ವಿವರಣೆಯಲ್ಲಿ ಸರಿದೂಗಿಸಬಹುದು. ಇನ್ನೊಂದು ಹೆಚ್ಚು ಗಟ್ಟಿ: ಪದರದ ಸುತ್ತ ಗಿಂಪ್ ತೋರಿಸುವ ಹಳದಿ ಗೀಟುಗೆರೆಯೂ ಎಲ್ಲೆಯೇ ಅಲ್ಲವೇ? ಅದಕ್ಕೆ ‘ಗಡಿ’ ಎಂದು ಬೇರೆ ಪದ ಕೊಡೋಣವೆಂದಿದ್ದೇನೆ.

‘ಸೆಲೆಕ್ಷನ್’ ಎಂದೇ ಉಳಿಸಿ ಎನ್ನುವವರೂ ಇದ್ದಾರೆ. ಅದನ್ನು ತಳ್ಳಿಹಾಕುವುದಿಲ್ಲ, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ) ಮಾಡುವವರ ಬಾಯಲ್ಲಿ ಅದು ನೆಲೆನಿಂತ ಪದ. ಯಾವುದೇ ಇರಲಿ, ಮೆನುವಿನಲ್ಲಿ ಒಂದು, ಕೈಪಿಡಿಯಲ್ಲಿ ಇನ್ನೊಂದು ಆಗಬಾರದು.

ಕೇಳಬೇಕಾದದ್ದು ಇಷ್ಟು. ಗೋಡೆಗೆ ಅಕ್ಷರ ಬರೆಯುವವರು, ಬಟ್ಟೆಗೆ ಅಚ್ಚು ಹಾಕುವವರು ಬಣ್ಣ ತಾಗಬೇಕಾದ ಜಾಗವನ್ನು ಕಟ್ಟಿಕೊಳ್ಳುವುದಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ? ‘ಎಲ್ಲೆ’ ಮತ್ತು ‘ಗಡಿ’ ಒಂದೇ ಪುಟದಲ್ಲಿ ಬಂದರೆ ಕರಾವಳಿಯವರಿಗೂ ಉತ್ತರ ಕರ್ನಾಟಕದವರಿಗೂ ಅವು ಬೇರೆ ಬೇರೆಯಾಗಿ ಕೇಳಿಸುತ್ತವೆಯೇ?